ಇಪ್ಪತ್ನಾಲ್ಕು ಚದರಡಿ

"ಮೂರನೇ ಮಹಡಿ!" ಮೇಸ್ತ್ರಿ ಹೊಸ ಕಟ್ಟಡದ ಅಂಗಡಿ ಹಂಚಿಕೆ ಚೀಟಿಯನ್ನು ಆಫೀಸರಮ್ಮನ ಮೇಜಿನ ಮೇಲೆ ಬಡಿದ. "ನಾನು ದೋಣಿ ರಿಪೇರಿ ಮಾಡೋನು ಮೇಡಂ, ಗಡಿಯಾರ ಅಲ್ಲ."

ಆಕೆ ಕಡತ ತಿರುವಿದಳು. "ಆರಡಿ, ನಾಲ್ಕಡಿ. ಸರ್ವೆಯಲ್ಲಿ ನೀವೇ ಹೇಳಿದ್ದು, ನೀವೇ ಸಹಿ ಹಾಕಿದ್ದು. ಅಷ್ಟು ಚಿಕ್ಕ ಅಂಗಡಿಗಳೆಲ್ಲ ಮೇಲೇನೇ."

ಸಹಿ ಅವನದೇ. ಸರ್ವೆಯವರು "ನಿಮ್ಮ ಜಾಗ ಎಷ್ಟು?" ಎಂದಾಗ ತಾನು ಕೂರುವಷ್ಟು, ಉಳಿ ಸುತ್ತಿಗೆಯ ಪೆಟ್ಟಿಗೆ ಇಡುವಷ್ಟು ಅಳೆದು ಹೇಳಿದ್ದ. ದೋಣಿ ನಿಂತ ಮರಳನ್ನು ಆ ಕಡಲದಂಡೆಯ ಯಾವ ಮೇಸ್ತ್ರಿಯೂ ತನ್ನದೆನ್ನುವುದಿಲ್ಲ. ದೋಣಿ ಇರುವಷ್ಟು ದಿನ ಮರಳೂ ದೋಣಿಯವರದೇ. ಆ ಮರ್ಯಾದೆ ಈಗ ಕಡತದಲ್ಲಿ ಇಪ್ಪತ್ನಾಲ್ಕು ಚದರಡಿಯಾಗಿ ಕೂತಿತ್ತು.

"ಅಲ್ಲಿಗೆ ದೋಣಿ ಹೇಗೆ ಹತ್ತಿಸಲಿ?"

"ಲಿಫ್ಟ್ ಇದೆಯಲ್ಲ," ಎಂದಳು ಆಕೆ ತಲೆಯೆತ್ತದೆ. "ನಾಳೆ ದಂಡೆ ಖಾಲಿಯಾಗಬೇಕು. ವಾಕಿಂಗ್ ಟ್ರ್ಯಾಕಿಗೆ ಕಲ್ಲು ಹಾಸೋರು ಬರ್ತಾರೆ."

ದಂಡೆಯಲ್ಲಿ ಅಕ್ಕ, ಹಲಗೆಗಳ ಸಂದಿಗೆ ತುಂಬಲು ಹತ್ತಿ ನೂಲು ಹೊಸೆಯುತ್ತಿದ್ದಳು. ತಮ್ಮನ ಮಾತು ಕೇಳಿ ನೂಲನ್ನು ಹಲ್ಲಿನಲ್ಲೇ ಕಡಿದಳು. "ನಿನ್ನ ಬಾಯಿಗೆ ಮಣ್ಣು ಹಾಕ. ಜಾಗ ಕೇಳಿದ್ರೆ ಕುಂಡಿ ಊರೋಷ್ಟು ತೋರಿಸಿದ್ಯಾ?"

"ಸುಳ್ಳು ಹೇಳಬೇಕಿತ್ತಾ ಅಕ್ಕ?"

"ಅವರು ಹೇಳಲ್ವಾ? ನಿಮಗಾಗಿಯೇ ಅಭಿವೃದ್ಧಿ ಅಂತ ಬೋರ್ಡ್ ನೆಟ್ಟಿಲ್ವಾ? ಸಮುದ್ರ ನೋಡೋಕೆ ಬರೋರಿಗೆ ಇಡೀ ದಂಡೆ. ಸಮುದ್ರಕ್ಕೆ ಹೋಗೋರಿಗೆ ಮಹಡಿ ಮೆಟ್ಟಿಲು!"

ಅರ್ಧ ಸಂದಿ ತುಂಬಿದ ದೋಣಿಯೊಂದು ಮಗ್ಗುಲಾಗಿ ಬಿದ್ದಿತ್ತು. ಅದರ ಒಡೆಯರು ನಾಲ್ವರು ಅಣ್ಣತಮ್ಮಂದಿರು, ಹನ್ನೆರಡು ದಿನಗಳಿಂದ ಕಡಲಿಗಿಳಿದಿರಲಿಲ್ಲ. ಮೇಸ್ತ್ರಿ ಅವರನ್ನು ಕರೆಸಿದ.

ಬೆಳಿಗ್ಗೆ ಯಂತ್ರಗಳು ಬರುವ ಮೊದಲೇ ನಾಲ್ವರೂ ಹೆಗಲು ಕೊಟ್ಟರು. ದೋಣಿ ದುಂಡು ಕಂಬಗಳ ಮೇಲೆ ಉರುಳುತ್ತ ರಸ್ತೆ ದಾಟಿ, ಹೊಸ ಕಟ್ಟಡದ ಗಾಜಿನ ಬಾಗಿಲಿಗೆ ಅಡ್ಡಲಾಗಿ ನಿಂತಿತು.

"ಏನ್ರೀ ಇದು? ತೆಗೀರಿ!" ಕಾವಲುಗಾರ ಓಡಿ ಬಂದ.

ಮೇಸ್ತ್ರಿ ಚೀಟಿಯನ್ನು ಅವನ ಮೂಗಿಗೆ ಹಿಡಿದ. "ನನ್ನ ಅಂಗಡಿ ಮೇಲಿದೆ. ಕೆಲಸ ತಗೊಂಡು ಹೋಗ್ತಿದೀನಿ. ಲಿಫ್ಟ್ ತೋರ್ಸು."

"ತಲೆ ಕೆಟ್ಟಿದ್ಯಾ ಯಜಮಾನ್ರೇ? ಇದು ಹಿಡಿಯುತ್ತಾ ಅದರಲ್ಲಿ?"

"ಅದನ್ನೇ ನಿಮ್ಮ ಮೇಡಂ ಬರೆದುಕೊಡ್ಲಿ. ಅಲ್ಲೀವರೆಗೂ ಇಲ್ಲೇ ಕೆಲಸ."

ಆಫೀಸರಮ್ಮ ಬಂದಾಗ ಹನ್ನೊಂದು ಗಂಟೆ. "ಪೊಲೀಸರನ್ನ ಕರೀತೀನಿ," ಎಂದಳು.

"ಕರೀರಮ್ಮಾ," ಎಂದಳು ಅಕ್ಕ. "ಮೂರು ಮಹಡಿ ಹೊರಬೇಕು, ಜನ ಸಾಲ್ದು."

ಸುತ್ತ ನಿಂತವರು ಗೊಳ್ಳೆಂದರು. ಮೇಸ್ತ್ರಿ ನಗಲಿಲ್ಲ. ಚೀಟಿಯನ್ನು ದೋಣಿಯಂಚಿನ ಮೇಲೆ ಬಿಡಿಸಿಟ್ಟು, "ಬರೀರಿ," ಎಂದ. "ಇಲ್ಲಿ ದೋಣಿ ರಿಪೇರಿ ಆಗಲ್ಲ ಅಂತ ಬರೀರಿ."

ಆಕೆ ಪೆನ್ನಿನ ಮುಚ್ಚಳ ತೆಗೆದಳು. ಬರೆಯಲಿಲ್ಲ, ಮುಚ್ಚಲೂ ಇಲ್ಲ. ಅವನು ನೂಲನ್ನು ಸಂದಿಗಿಟ್ಟು ಉಳಿಯ ಮೇಲೆ ಸುತ್ತಿಗೆ ಬೀಸಿದ. ಪ್ರತಿ ಪೆಟ್ಟಿಗೂ ಗಾಜಿನ ಬಾಗಿಲಲ್ಲಿ ಆಕಾಶ ಅದುರುತ್ತಿತ್ತು.