ಹಿಲ್ಡಾ ಕೇಳಿಸಿಕೊಂಡದ್ದು

ನಮ್ಮ ಎಲ್ಮ್‌ಡೇಲ್ ಕೌಂಟಿಯ ಇತಿಹಾಸ ಸಂಘದ ಮ್ಯೂಸಿಯಂ ಇರುವುದು ಹಳೇ ಜೈಲಿನಲ್ಲಿ. ಒಂದು ಕಾಲಕ್ಕೆ ಕುಡುಕರನ್ನೂ ಕುದುರೆಗಳ್ಳರನ್ನೂ ಕೂಡಿಹಾಕುತ್ತಿದ್ದ ಕೋಣೆಗಳಲ್ಲಿ ಈಗ ಆರ್ಗನ್‌ಗಳಿವೆ. ಕಾಲಲ್ಲಿ ತುಳಿದು ಗಾಳಿ ತುಂಬಿ ನುಡಿಸುವ, ಬೀರುವಿನಷ್ಟು ದೊಡ್ಡ ಆರ್ಗನ್‌ಗಳು. ಏಳಿವೆ, ಒಂದೂ ನುಡಿಯುವುದಿಲ್ಲ. ಒಳಗಿನ ಚರ್ಮವನ್ನೆಲ್ಲ ಇಲಿಗಳು ತಿಂದು ಮುಗಿಸಿವೆ. ಏಳು ಯಾಕೆ ಅಂತ ಕೇಳುವವರು ಹೊರಗಿನವರು. ಎದುರಿಗೇ ‘ಬೇಡ’ ಅನ್ನುವ ಅಭ್ಯಾಸ ನಮ್ಮವರಿಗಿಲ್ಲ. ಅಜ್ಜಿಯ ಆರ್ಗನ್ ಬೇಡ ಅಂದರೆ ಅಜ್ಜಿಯೇ ಬೇಡ ಅಂದ ಹಾಗೆ. ಕೊಟ್ಟವರು ಕೊಟ್ಟರು, ಸಂಘ ಇಟ್ಟುಕೊಂಡಿತು. ಪ್ರತಿ ಬೇಸಿಗೆಯಲ್ಲೂ ಆಯಾ ಮನೆಯವರು ಬಂದು, ತಮ್ಮ ಅಜ್ಜಿಯ ಹೆಸರಿನ ಚೀಟಿ ನೆಟ್ಟಗಿದೆಯೇ ಅಂತ ನೋಡಿಕೊಂಡು ಹೋಗುತ್ತಾರೆ. ನಾನು ಬಾಗಿಲ ಬಳಿ ಮೇಜು ಹಾಕಿಕೊಂಡು ಕೂರುವ ಸಂಬಳವಿಲ್ಲದ ಕಾವಲುಗಾರ್ತಿ. ಈ ಆರ್ಗನ್‌ಗಳ ಧೂಳು ಒರೆಸಿ ಒರೆಸಿ ನನ್ನ ಸೊಂಟ ಬಿದ್ದುಹೋಗಿದೆ.

ಆರ್ಡಿಸ್ ಕ್ವಾಮ್‌ಗೆ ಅಲ್ಲಿ ಬೇಕಾಗಿದ್ದುದು ಒಂದೇ ಒಂದು ಮೂಲೆ. ಅವಳ ತಾಯಿ ಹಿಲ್ಡಾ ಊರಿನ ಟೆಲಿಫೋನ್ ಆಪರೇಟರ್ ಆಗಿದ್ದವಳು. ಡಯಲ್ ಫೋನ್ ಬರುವವರೆಗೆ ಇಲ್ಲಿ ಯಾರು ಯಾರ ಜೊತೆ ಮಾತಾಡಬೇಕಾದರೂ ಹಿಲ್ಡಾ ತನ್ನ ಬೋರ್ಡಿನಲ್ಲಿ ವಯರು ಸಿಕ್ಕಿಸಬೇಕಿತ್ತು, ಮಾತು ಅವಳ ಕಿವಿ ದಾಟಿಯೇ ಹೋಗಬೇಕಿತ್ತು. ಆ ಟೆಲಿಫೋನ್ ಬೋರ್ಡು ಈಗ ಆರ್ಡಿಸಳ ಕೊಟ್ಟಿಗೆಯಲ್ಲಿ ಗೋಣಿ ಹೊದ್ದು ಕೂತಿತ್ತು. ಮ್ಯೂಸಿಯಮ್ಮಿನಲ್ಲಿ ಜಮೀನಿದ್ದವರ ಅಜ್ಜಿಯರೆಲ್ಲ ಇದ್ದಾರೆ, ಸಂಬಳಕ್ಕೆ ದುಡಿದ ಒಬ್ಬ ಹೆಂಗಸೂ ಇಲ್ಲ. ಆರ್ಡಿಸ್‌ಗೂ ವಯಸ್ಸು ಎಂಬತ್ತರ ಹತ್ತಿರ. ತಾನು ಕಣ್ಣು ಮುಚ್ಚಿದರೆ ಬೋರ್ಡು ಸೌದೆಯಾಗುತ್ತದೆ, ಅಮ್ಮನ ಹೆಸರು ಎತ್ತುವವರೂ ಇರುವುದಿಲ್ಲ ಅನ್ನುವುದು ಅವಳ ಕೊರಗು.

ಸಂಘದ ಸೆಪ್ಟೆಂಬರ್ ಸಭೆಯಲ್ಲಿ ಅವಳು ಬೋರ್ಡಿಗೆ ಜಾಗ ಕೊಡಿ ಅಂತ ಮತ್ತೆ ಕೇಳಿದಳು. ಅಧ್ಯಕ್ಷ ಲೋವೆಲ್ ಸ್ಟಾಡ್‌ಹೈಮ್, ಬಿತ್ತನೆ ಬೀಜದ ಅಂಗಡಿ ನಡೆಸಿ ನಿವೃತ್ತನಾದವನು, ಆರ್ಡಿಸಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಎಂದಿನಂತೆ ಗಲ್ಲ ಕೆರೆದುಕೊಂಡ.

“ಒಳ್ಳೆ ವಸ್ತುನೇ ಆರ್ಡಿಸ್. ಆದ್ರೆ ಜಾಗ ಎಲ್ಲಿದೆ ಹೇಳು? ನೋಡೋಣ.”

‘ನೋಡೋಣ’ ಅಂದರೆ ನಮ್ಮ ಕಡೆ ‘ಸಾಧ್ಯವಿಲ್ಲ’ ಅಂತ ಅರ್ಥ.

“ನೋಡೋಣ ನೋಡೋಣ ಅಂತ ನಿನ್ನ ಕನ್ನಡಕದ ಪವರ್ರೇ ಏರ್ತು ಕಣೋ,” ಅಂದಳು ಆರ್ಡಿಸ್.

ಲೋವೆಲ್ ಮಾತು ಬದಲಿಸಿದ. ಅಕ್ಟೋಬರ್ ಉಪನ್ಯಾಸಕ್ಕೆ ಬರಬೇಕಿದ್ದವನು ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದಾನೆ, ಬೇರೆ ಯಾರಾದರೂ ಇದ್ದಾರಾ?

“ನಾನು ಮಾತಾಡ್ತೀನಿ,” ಅಂದಳು ಆರ್ಡಿಸ್.

“ಅಯ್ಯೋ, ಒಳ್ಳೇದಾಯ್ತು! ಏನು ವಿಷಯ?”

“‘ಫೋನಲ್ಲಿ ನಮ್ಮಮ್ಮ ಏನೇನು ಕೇಳಿಸಿಕೊಂಡಳು?’ ಅಂತ.”

ಯಾರದೋ ಚಮಚ ನೆಲಕ್ಕೆ ಬಿತ್ತು. ಲೋವೆಲ್ ಆ ಕ್ಷಣವೇ ಬೇಡ ಅನ್ನಬೇಕಿತ್ತು. ಅನ್ನಲು ಬರಬೇಕಲ್ಲ! “ಚೆನ್ನಾಗಿರತ್ತೆ,” ಅಂದುಬಿಟ್ಟ. ಗುರುವಾರದ ಪತ್ರಿಕೆಯಲ್ಲಿ ಸುದ್ದಿ ಅಚ್ಚಾಯಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆ ವಾರ ಕೌಂಟಿಯೆಲ್ಲ ಹೆಗಲು ಮುಟ್ಟಿಕೊಂಡಿತು. ಸತ್ತು ಸ್ವರ್ಗ ಸೇರಿದ ಅಪ್ಪ, ಅತ್ತೆ, ದೊಡ್ಡಪ್ಪಂದಿರು ಯಾವ ಕತ್ತಲಲ್ಲಿ ಯಾರಿಗೆ ಫೋನ್ ಮಾಡಿದ್ದರೋ, ಬಲ್ಲವರು ಯಾರು? ಜನ ದಿನಸಿ ಅಂಗಡಿಯಲ್ಲಿ, ಚರ್ಚಿನ ಬಾಗಿಲಲ್ಲಿ ಆರ್ಡಿಸಳನ್ನು ಸುತ್ತುವರಿದು ಹವಾಮಾನದಿಂದ ಮಾತು ಶುರು ಮಾಡುತ್ತಿದ್ದರು. ಅವಳು ಎಲ್ಲರಿಗೂ ಒಂದೇ ಪಾಠ ಒಪ್ಪಿಸುತ್ತಿದ್ದಳು.

“ನಂಗೇನು ಮಾತಾಡೋ ಆಸೆ ಇಲ್ಲಪ್ಪ. ಬೋರ್ಡೇ ಎದುರಿಗಿದ್ದಿದ್ರೆ ಜನ ಅದನ್ನ ನೋಡ್ಕೊಳ್ತಿದ್ರು, ನಾನು ಎರಡು ಮಾತಲ್ಲಿ ಮುಗಿಸ್ತಿದ್ದೆ. ಅದಿಲ್ವಲ್ಲ! ಎಲ್ಲಾ ಬಿಡಿಸಿ ಬಿಡಿಸಿ ಹೇಳ್ಬೇಕು.”

ಸೋಮವಾರ ಬಾಗಿಲು ತೆರೆಯುವ ಮೊದಲೇ ಲೋವೆಲ್ ಪಿಕಪ್ ಗಾಡಿ ತಂದು ನಿಲ್ಲಿಸಿದ್ದ.

“ನಮ್ಮಜ್ಜಿ ಆರ್ಗನ್‌ಗೆ ಈ ಕಲ್ಲಿನ ಗೋಡೆ ಥಂಡಿ ಜಾಸ್ತಿ ಆಯ್ತೇನೋ. ಮನೇಲಿ ಬೆಚ್ಚಗಿರ್ಲಿ ಅಂತ,” ಅಂದ, ನನ್ನ ಮುಖ ನೋಡದೆ.

ಅವನ ಹಿಂದೆ ಮತ್ತೊಬ್ಬರು, ಅವರ ಹಿಂದೆ ಮಗದೊಬ್ಬರು. ವಾರ ಕಳೆಯುವುದರೊಳಗೆ ಆರ್ಗನ್‌ಗಳೆಲ್ಲ ಜೈಲಿನಿಂದ ಬಿಡುಗಡೆಯಾದವು. ನನಗೆ ಕುಣಿಯುವಷ್ಟು ಖುಷಿ. ಆದರೂ ನಮ್ಮ ಚಿಕ್ಕಮ್ಮ ಒಬ್ಬಳು ಫೋನಿಗೆ ಅಂಟಿಕೊಂಡೇ ಇದ್ದದ್ದು ನೆನಪಾಗಿ ನಾನೂ ಆರ್ಡಿಸಳಿಗೆ ಒಂದು ಸೇಬಿನ ಪೈ ಮಾಡಿಕೊಟ್ಟು ಬಂದೆ.

ಉಪನ್ಯಾಸದ ಸಂಜೆ ಮ್ಯೂಸಿಯಮ್ಮಿನಲ್ಲಿ ಕೂರಲು ಕುರ್ಚಿ ಸಾಲಲಿಲ್ಲ. ಕೊಟ್ಟಿಗೆಯಿಂದ ಬಂದ ಬೋರ್ಡು ಒರೆಸಿಕೊಂಡು ಮಿಂಚುತ್ತಾ ಮುಂದೆ ನಿಂತಿತ್ತು. ಮೊದಲ ಸಾಲಿನಲ್ಲಿ ಬ್ಯೂಲಾ ರಾಸ್ಮುಸೆನ್, ಕೌಂಟಿಗೇ ಹಿರಿಯ ಅಜ್ಜಿ, ಕೈಚೀಲವನ್ನು ಎದೆಗವಚಿಕೊಂಡು ಕೂತಿದ್ದಳು. ಆರ್ಡಿಸ್ ಎದ್ದು ನಿಂತಳು.

“ಈ ಊರಿನ ಮಾತೆಲ್ಲ ನಮ್ಮಮ್ಮನ ಕಿವಿಗೆ ಬಿತ್ತು. ನಂಗೆ ಒಂದನ್ನೂ ಹೇಳ್ಲಿಲ್ಲ. ಚಿಕ್ಕೋಳಿದ್ದಾಗ ಗೋಗರೆದೆ, ಬಾಯಿಗೆ ಬಿಸ್ಕತ್ ತುರುಕಿ ಓಡಿಸೋಳು. ಸಾಯೋವಾಗ ಕೇಳಿದೆ. ‘ಸುಮ್ನಿರೇ’ ಅಂತ ನಕ್ಕಳು, ಹೋದಳು. ಇಷ್ಟೇ. ಕಾಫಿ ಇದೆ, ತಗೊಳ್ಳಿ.”

ಲೋವೆಲ್ ಮುಖ ಬೀಟ್‌ರೂಟಿನಂತಾಯಿತು. “ಇಷ್ಟೇನಾ? ಇದಕ್ಕೆ ನಾನು ಗ್ಯಾರೇಜಲ್ಲಿ ಆರ್ಗನ್ ಇಟ್ಟು ಕಾರನ್ನ ಬೀದಿಗೆ ಹಾಕಿದ್ನಾ? ಮೋಸ ಇದು! ನಾಳೆನೇ ಆರ್ಗನ್‌ಗಳು ವಾಪಸ್ ಬರ್ತವೆ, ಈ ಡಬ್ಬ ಕೊಟ್ಟಿಗೆಗೆ ಹೋಗತ್ತೆ!”

ಹೌದು ಹೌದು ಅಂತ ಸುತ್ತ ತಲೆಗಳು ಅಲ್ಲಾಡಿದವು. ಆರ್ಡಿಸ್ ಹೋಗಿ ಬೋರ್ಡಿಗೆ ಅಡ್ಡವಾಗಿ ನಿಂತಳು. ನನಗೆ ಅಳು ಬಂತು, ಅದರ ಹಿಂದೆಯೇ ಕೋಪವೂ ಬಂತು.

ಆಗ ಬ್ಯೂಲಾ ಅಜ್ಜಿ ಕೋಲೂರಿ ಎದ್ದಳು.

“ಕೂತ್ಕೊಳೋ ಲೋವೆಲ್. ನನ್ನ ವಿಷಯ ಹಿಲ್ಡಾಗೆ ಪೂರ್ತಿ ಗೊತ್ತಿತ್ತು. ಪ್ರತಿ ಭಾನುವಾರ ಚರ್ಚಲ್ಲಿ ನನ್ನ ಪಕ್ಕಾನೇ ಕೂರೋಳು. ಇವತ್ತು ಬಾಯ್ಬಿಡ್ತಾಳೆ, ನಾಳೆ ಬಾಯ್ಬಿಡ್ತಾಳೆ ಅಂತ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ. ಸತ್ತ ಮೇಲೆ ಮಗಳಿಗೆ ಹೇಳಿರ್ತಾಳೆ ಅಂತ ಇಲ್ಲೀತನಕ ಹೆದರಿಕೊಂಡೇ ಬಂದೆ. ಹೆತ್ತ ಮಗಳಿಗೂ ಹೇಳಿಲ್ವಲ್ಲೋ, ಮಹಾತಾಯಿ! ಅವಳ ಬೋರ್ಡು ಮುಟ್ಟಿದ್ರೆ ಜೋಕೆ.”

ಅಜ್ಜಿ ಅಳುತ್ತಿದ್ದಳು. ಆದರೆ ಲೋವೆಲ್‌ಗೆ ತಡೆಯಲಾಗಲಿಲ್ಲ.

“ಏನಜ್ಜಿ ಅದು, ನಿನ್ನ ವಿಷಯ?”

ಕುರ್ಚಿಗಳೆಲ್ಲ ಒಟ್ಟಿಗೆ ಮುಂದಕ್ಕೆ ವಾಲಿದವು. ಬ್ಯೂಲಾ ಕಣ್ಣೊರೆಸಿಕೊಂಡು, ಬೋರ್ಡಿಗೆ ತೂಗುಹಾಕಿದ್ದ ಹಿಲ್ಡಾಳ ಹಳೇ ಹೆಡ್‌ಫೋನನ್ನು ತೆಗೆದು ಅವನ ಕೈಗೆ ಕೊಟ್ಟಳು.

“ನನ್ನನ್ನೇನು ಕೇಳ್ತೀಯ? ಹಿಲ್ಡಾನ್ನೇ ಕೇಳು.”

ಆ ಪೆದ್ದ ಅದನ್ನು ನಿಜಕ್ಕೂ ಕಿವಿಗಿಟ್ಟುಕೊಂಡ. ಬಹಳ ಹೊತ್ತು ಕೇಳಿಸಿಕೊಂಡ. ಯಾರೂ ನಗಲಿಲ್ಲ.

“ಏನೂ ಕೇಳಿಸ್ತಿಲ್ಲ,” ಅಂದ ಮೆಲ್ಲಗೆ.

“ಹಾಗಾದ್ರೆ ಆ ಕಡೆ ಇರೋದು ಅವಳೇ ಕಣೋ,” ಅಂದಳು ಬ್ಯೂಲಾ.