ಜಾರಿದ ಉಡದಾರ

ಇಳಕಲ್ಲಿನ ನೇಕಾರ ಅಂದಾನಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಎಂಟು ವರ್ಷ. ಹೋದ ವರ್ಷ ಅವನ ಸೊಂಟದ ಉಡದಾರ ಸಡಿಲಾಗಿ ಜಾರತೊಡಗಿತು. ಹೆಂಡತಿ ಸಿದ್ದವ್ವನೇ ಎರಡು ಗಂಟು ಹಾಕಿ ಬಿಗಿ ಮಾಡಿದಳು. "ಡೊಳ್ಳು ಕರಗಿತು, ಸಕ್ರಿನೂ ಕರಗಿತು" ಎಂದು ಓಣಿಯವರ ಮುಂದೆ ಹಿಗ್ಗಿದಳು. ಅಂದಾನಪ್ಪ ಹುರುಪಿನಿಂದ ಒಂದು ಹೊತ್ತಿನ ರೊಟ್ಟಿ ಬಿಟ್ಟ. ಆಮೇಲೆ ಬೇಳೆ, ಮೊಸರನ್ನೂ ಬಿಟ್ಟ.

ಚಳಿಗಾಲದಲ್ಲಿ ಕೆಮ್ಮು, ಜ್ವರ ಬಂದವು. "ಊಟಾನ ಇಲ್ಲ, ಗುಳಿಗಿ ಯಾಕ?" ಎಂದು ಸಕ್ಕರೆಯ ಗುಳಿಗೆಯನ್ನೂ ನಿಲ್ಲಿಸಿದ. ನಾಲ್ಕನೆಯ ದಿನ ಉಸಿರು ಸಿಗದಂತಾಯಿತು. ಬಾಗಲಕೋಟೆಯ ಐಸಿಯುದಲ್ಲಿ ಹನ್ನೊಂದು ದಿನ ಇದ್ದ. ಹೊರಗೆ ಕುಳಿತಿದ್ದ ಸಿದ್ದವ್ವನಿಗೆ ಡಾಕ್ಟರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಮೈಯಾಗ ಏನೂ ಉಳಿದಿಲ್ಲವ್ವಾ. ಯಾವ ಬಲದ ಮ್ಯಾಲ ಜಡ್ಡಿನ ಕೂಡ ಹೋರಾಡಬೇಕು?"

ಬದುಕಿ ಬಂದ. ಆದರೆ ತಾಟು ಮುಂದಿಟ್ಟರೆ ಮತ್ತೆ ಅದೇ ಹಟ, ಅರ್ಧ ರೊಟ್ಟಿ ಸಾಕು. ಇನ್ನೊಮ್ಮೆ ಜ್ವರ ಬಂದರೆ ಗತಿಯೇನು ಎಂದು ಸಿದ್ದವ್ವನ ಜೀವ ಹಾರುತ್ತಿತ್ತು. ಆಶಾ ಕಾರ್ಯಕರ್ತೆ ತಬಸುಮಳನ್ನು ಕರೆಸಿದಳು.

ತಬಸುಮ ತೂಕದ ಯಂತ್ರ ತಂದು ಅವನನ್ನು ನಿಲ್ಲಿಸಿದಳು. "ಕಾಕಾ, ಹೋದ ವರ್ಷ ಅರವತ್ತು ಕಿಲೋ ಇದ್ರಿ. ಈಗ ನಲವತ್ತಾರು."

"ಚಲೋ ಆತಲ್ಲ! ದಪ್ಪ ಆಗಬ್ಯಾಡ್ರಿ ಅಂತ ಹೇಳಾವ್ರು ನೀವ."

"ಇರ್ಲಿ. ಸಾವಕಾರ್ರು ನಿಮಗ ರೇಷ್ಮಿ ತೂಗಿ ಕೊಡ್ತಾರ. ನೇದ ಸೀರಿ ಇಪ್ಪತ್ತು ಗ್ರಾಂ ಕಡಿಮಿ ತೂಗಿದ್ರ?"

"ಬಿಡ್ತಾರೇನು? ನೂಲು ಎಲ್ಲಿ ಹೋತು ಅಂತ ತಕ್ಕಡಿ ಮುಂದ ನಿಂದರಸ್ತಾರ."

"ನಿಮ್ಮ ಮೈಯಾಗಿಂದ ಹದಿನಾಲ್ಕು ಕಿಲೋ ಹೋತು. ಎಲ್ಲಿ ಹೋತು ಅಂತ ಯಾರನ್ನ ಕೇಳಿದ್ರಿ?"

ಸಿದ್ದವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಗಂಟು ಹಾಕಿದಾಕಿ ನಾನ. ನಾನೂ ಕೇಳಲಿಲ್ಲ" ಎಂದಳು.

"ಅಳಬ್ಯಾಡ ಕಾಕು. ಮೈ ಇಳಿದ್ರ ಸಕ್ರಿ ಇಳೀತು ಅಂತಲ್ಲ. ಸಕ್ರಿ ಏರಿದಾಗೂ ಮೈ ಸೊರಗತೈತಿ. ಅಂಥಾ ಮೈಗೆ ದೊಡ್ಡ ಜಡ್ಡು ಬಂದ್ರ ತಡಕೊಳ್ಳೋದು ಭಾಳ ಕಷ್ಟ."

"ಹಂಗಾರ ಖಲೀಲನಂಗ ಹೊಟ್ಟಿ ಬಿಡ್ಲೇನು?" ಎಂದ ಅಂದಾನಪ್ಪ, ನೆರೆಮನೆಯತ್ತ ಗದ್ದ ತೋರಿಸಿ.

ತಬಸುಮ ನಕ್ಕಳು. "ಅದೂ ಬ್ಯಾಡ. ಬೊಜ್ಜು ಹೃದಯಕ್ಕ ಕೇಡು. ನಿಮ್ಮ ಎತ್ತರಕ್ಕ ಎಷ್ಟು ತೂಕ ಬೇಕು, ಏನು ತಿನ್ನಬೇಕು, ನಾಳೆ ದವಾಖಾನಿಯಾಗ ಕೇಳೂಣು. ನಾನೂ ಬರ್ತೇನಿ."

ಅಂದಾನಪ್ಪ ಅರ್ಧ ಉಂಡು ಬಿಟ್ಟಿದ್ದ ತಾಟಿನ ಮುಂದೆ ಕುಳಿತ. ಅದನ್ನು ಹತ್ತಿರ ಎಳೆದುಕೊಂಡು ಸಿದ್ದವ್ವನಿಗೆ ಹೇಳಿದ: "ಆ ಹೆಸರಕಾಳಿನ ಪಲ್ಯೆ ಇನ್ನೊಂದೀಟು ಹಾಕು."

ಡಾಕ್ಟರು ಹೇಳಿದಂತೆ ಊಟ ನಡೆಯಿತು, ಗುಳಿಗೆ ತಪ್ಪಲಿಲ್ಲ. ಮೂರು ತಿಂಗಳ ಮೇಲೆ ಒಂದು ಮುಂಜಾನೆ ಉಡದಾರ ಸೊಂಟಕ್ಕೆ ಒತ್ತತೊಡಗಿತು. ಸಿದ್ದವ್ವ ನಗುತ್ತ ಎರಡರಲ್ಲಿ ಒಂದು ಗಂಟು ಬಿಚ್ಚಿದಳು.

ಅಕ್ಕ ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ತಿಂಗಳಿಗೊಮ್ಮೆ ತೂಕ ನೋಡಿರಿ. ತಾನಾಗಿ ಇಳಿಯುತ್ತಿದ್ದರೆ ಹಿಗ್ಗಬೇಡಿರಿ, ಡಾಕ್ಟರನ್ನು ಕೇಳಿರಿ. ಜ್ವರ ಬಂದಾಗ ನಿಮ್ಮಷ್ಟಕ್ಕೆ ನೀವೇ ಗುಳಿಗೆ, ಇನ್ಸುಲಿನ್ ನಿಲ್ಲಿಸದೆ ಅಂದೇ ದವಾಖಾನೆಗೆ ಹೋಗಿರಿ. ಇಂದೇ ಮನೆಯವರ ಉಡದಾರ, ಬಳೆ, ಕುಪ್ಪಸ ಒಮ್ಮೆ ನೋಡಿರಿ. ಸಡಿಲಾಗಿದ್ದರೆ ಯಾಕೆಂದು ಕೇಳಿರಿ.