ಕಣ್ಣೊಳಗೊಂದು ಚಿಪ್

ಅಬ್ಬಿಗೆರೆಯ ಚಿಕ್ಕಮಾರಯ್ಯ ಪೀಣ್ಯದಲ್ಲಿ ಇಪ್ಪತ್ತೆಂಟು ವರ್ಷ ಲೇತ್ ಮೆಷಿನ್ ಓಡಿಸಿದವರು. ಮೊದಲು ಸಂಜೆಯಾದರೆ ಕಣ್ಣು ಮಂಜಾಗತೊಡಗಿತು, ಆಮೇಲೆ ಅಕ್ಕಪಕ್ಕದ್ದು ಕಾಣದಾಯಿತು, ಕೊನೆಗೆ ಪೂರ್ತಿ ಕತ್ತಲೆ. ಕಣ್ಣಿನ ಹಿಂದಿನ ಪರದೆ ಸವೆದಿದೆ, ಕನ್ನಡಕದಿಂದ ಸರಿಹೋಗದು ಎಂದು ವೈದ್ಯರು ಹೇಳಿದ್ದರು. ಆದರೂ ಹೆಂಡತಿ ರಾಮಲಕ್ಷ್ಮಮ್ಮ, ಯಾರು ಯಾವ ಸೊಪ್ಪು ಹೇಳಿದರೂ ತಂದು ಕಣ್ಣಿಗೆ ರಸ ಹಿಂಡುತ್ತಿದ್ದರು. ಉರಿ ಬಂತೇ ಹೊರತು ಬೆಳಕು ಬರಲಿಲ್ಲ.

ಪಕ್ಕದ ಮನೆಯ ಮಧುಶ್ರೀ ಇಂಜಿನಿಯರ್. ಕಣ್ಣೊಳಗೆ ಕೂರಿಸುವ ಚಿಪ್ ತಯಾರಿಸುವ ತಂಡದಲ್ಲಿ ಅವಳ ಕೆಲಸ. ಒಂದು ಭಾನುವಾರ ಬಂದು, ಅದರ ಪ್ರಯೋಗಕ್ಕೆ ಜನ ಬೇಕಾಗಿದ್ದಾರೆ ಎಂದಳು.

“ಪ್ರಯೋಗಕ್ಕೆ ನಮ್ಮನೆಯವರೇ ಬೇಕಾ?” ರಾಮಲಕ್ಷ್ಮಮ್ಮನ ಮುಖ ಬಿಗಿಯಿತು.

“ನಿಮ್ ಭಯ ಸರಿಯಾಗೇ ಇದೆ ಆಂಟಿ. ಆಪರೇಷನ್ ಅಂದ್ಮೇಲೆ ತೊಂದ್ರೆನೂ ಆಗ್ಬಹುದು. ಅದನ್ನೆಲ್ಲ ಡಾಕ್ಟ್ರು ಮೊದ್ಲೇ ಓದಿ ಹೇಳ್ತಾರೆ. ಬೇಡ ಅನ್ಸಿದ್ರೆ ಬಿಟ್ಬಿಡ್ಬಹುದು.”

“ಮೊದಲಿನಂಗೇ ಕಾಣ್ತದಾ?”

“ಇಲ್ಲ ಆಂಟಿ. ಬೆಳಕು, ನೆರಳು, ಆಕಾರ, ಅಷ್ಟೇ. ಇದಕ್ಕಂತ ಒಂದು ಕನ್ನಡಕ ಕೊಡ್ತಾರೆ, ಅದ್ರ ಕ್ಯಾಮೆರಾ ನೋಡಿದ್ದನ್ನ ಚಿಪ್ ಕಣ್ಣಿನ ನರಕ್ಕೆ ಮುಟ್ಸುತ್ತೆ. ಅಂಕಲ್ ಮೊದ್ಲು ನೋಡ್ತಿದ್ದವ್ರು, ಅವ್ರ ಮಿದುಳಿಗೆ ಅಭ್ಯಾಸ ಇದೆ.”

ಪಕ್ಕದಲ್ಲಿ ಕೂತಿದ್ದ ಚಿಕ್ಕಮಾರಯ್ಯ, “ಎಷ್ಟು ದಪ್ಪ ಅದು?” ಎಂದರು.

“ಮೂವತ್ತು ಮೈಕ್ರಾನ್. ಸಾವಿರ ಮೈಕ್ರಾನ್ ಸೇರಿದ್ರೆ ಒಂದು ಮಿಲಿಮೀಟರ್.” ಮಧುಶ್ರೀ ಮಾದರಿ ಚಿಪ್ ಒಂದನ್ನು ಅವರ ಬೆರಳ ತುದಿಗಿಟ್ಟಳು.

ಚಿಕ್ಕಮಾರಯ್ಯ ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಸವರಿದರು. “ಲಕ್ಷ್ಮೀ, ಇದು ಕೂದಲಿನ ಅರ್ಧ ದಪ್ಪನೂ ಇಲ್ಲ. ಲೇತ್ ಮೇಲೆ ಹತ್ತು ಮೈಕ್ರಾನ್ ಅಳತೆ ಹಿಡಿಯಕ್ಕೆ ನಾನು ಎಷ್ಟು ಒದ್ದಾಡಿದೀನಿ ನಂಗೊತ್ತು. ಇದನ್ನ ಮಾಡಿರೋರು ಕೆಲಸ ಬಲ್ಲೋರು ಕಣೇ. ನಾನ್ ಹೋಗ್ತೀನಿ. ನಂಗೆ ಕಾಣದಿದ್ರೂ ಮುಂದಿನವ್ರಿಗೆ ದಾರಿ ಆಯ್ತದೆ.”

ಎರಡು ತಿಂಗಳು ತಪಾಸಣೆ ನಡೆಯಿತು, ಆಮೇಲೆ ಶಸ್ತ್ರಚಿಕಿತ್ಸೆ. ಚಿಪ್ ಚಾಲೂ ಮಾಡಿದ ದಿನ ಅವರಿಗೆ ಕಂಡದ್ದು ಚುಕ್ಕಿಗಳ ಮಿಣುಕು ಮಾತ್ರ. ರಾಮಲಕ್ಷ್ಮಮ್ಮ ಮುಖ ಸಣ್ಣದು ಮಾಡಿಕೊಂಡರು. ಚಿಕ್ಕಮಾರಯ್ಯ ಬಿಡಲಿಲ್ಲ. ಬಿಳಿ ಹಲಗೆಯ ಮೇಲೆ ಕಪ್ಪು ಪಟ್ಟಿ ಹುಡುಕುವ ಅಭ್ಯಾಸ, ದಿನಾ ಎರಡು ಗಂಟೆ. ಐದನೇ ತಿಂಗಳು, ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಕೇಳಿದರು:

“ಕಿಟಕಿ ಮುಂದೆ ನಿಂತಿದೀಯಾ?”

ರಾಮಲಕ್ಷ್ಮಮ್ಮ ಮಾತಾಡಿರಲಿಲ್ಲ, ಬಳೆ ಸದ್ದೂ ಆಗಿರಲಿಲ್ಲ. “ಊಂ. ಮುಖ ಕಾಣ್ತದಾ?”

“ಮುಖ ಇಲ್ಲ. ನೀನಿರೋದು ಕಾಣ್ತದೆ.”

ರಾಮಲಕ್ಷ್ಮಮ್ಮ ಮೆಲ್ಲಗೆ ಎಡಕ್ಕೆ ಸರಿದರು. ಗಂಡನ ತಲೆಯೂ ಅವರ ಹಿಂದೆಯೇ ತಿರುಗಿತು. ಆಗ ಸೆರಗು ಕಣ್ಣಿಗೆ ಹೋಯಿತು.

ಈ ಕಾಯಿಲೆ ಮಕ್ಕಳಿಗೂ ಬರಬಹುದೆಂದು ವೈದ್ಯರು ಮೊದಲೇ ಹೇಳಿದ್ದರು. ಅದೇ ವಾರ ರಾಮಲಕ್ಷ್ಮಮ್ಮ ತಾವೇ ಮುಂದೆ ನಿಂತು ಮಗಳು ಪ್ರತಿಭಾಳನ್ನು ಕಣ್ಣಾಸ್ಪತ್ರೆಗೆ ಕರೆದೊಯ್ದರು.

ಮಬ್ಬು ಬೆಳಕಲ್ಲಿ ಎಡವುವವರು ನಿಮ್ಮ ಮನೆಯಲ್ಲೂ ಇದ್ದಾರೆಯೇ? ಕಣ್ಣಿನ ಪರದೆಯ ಪರೀಕ್ಷೆ ಮಾಡಿಸಿ, ಅವರ ಮಕ್ಕಳನ್ನೂ ಒಡಹುಟ್ಟಿದವರನ್ನೂ ಜೊತೆಗೆ ಕರೆದೊಯ್ಯಿರಿ. ಇಂಥ ಚಿಪ್‌ಗಳು ಇನ್ನೂ ಪ್ರಯೋಗದ ಹಂತದಲ್ಲಿವೆ, ಎಲ್ಲರ ಕಣ್ಣಿಗೂ ಒಗ್ಗುವುದಿಲ್ಲ. ಖಂಡಿತ ದೃಷ್ಟಿ ಕೊಡಿಸುತ್ತೇವೆ ಎನ್ನುವವರನ್ನು ನಂಬಬೇಡಿ. ಕಣ್ಣಿನ ವೈದ್ಯರನ್ನೇ ಕೇಳಿ, ಇವತ್ತೇ ಕೇಳಿ.